ಇನ್ನೊಬ್ಬರ ಪುಸ್ತಕ ನಮ್ಮ ಚೀಲದಲ್ಲಿರಲಿ

ಹಾವೇರಿ ಜಿಲ್ಲೆಯ ಬರಹಗಾರ ಬಂಧುಗಳೇ,

ಕಥೆ, ಕವಿತೆ, ಲಾವಣಿ ಸಂಗ್ರಹ, ಮಕ್ಕಳ ಪದ್ಯ, ನಾಟಕ, ಊರಿನ ಚರಿತ್ರೆ, ನೀವು ಏನನ್ನೇ ಬರೆಯುತ್ತಿರಿ, ಕೈಯಿಂದ ದುಡ್ಡು ಹಾಕಿ ಒಂದಾದರೂ ಪುಸ್ತಕ ಮಾಡಿಸಿದ್ದರೆ ಈ ಪತ್ರ ನಿಮಗೆ. ಮಾಡಿಸಬೇಕೆಂದು ನಿವೃತ್ತಿಯ ಹಣದ ಮೇಲೋ ಹತ್ತಿ ಮಾರಿದ ಪಟ್ಟಿಯ ಮೇಲೋ ಕಣ್ಣಿಟ್ಟು ಕೂತಿದ್ದರೂ ನಿಮಗೇ. ಓದುಗರ ಕಣ್ಣಿಗೂ ಬೀಳಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಮಾತು ಕೊನೆಗೆ ಅವರ ಮನೆ ಬಾಗಿಲಿಗೇ ಹೋಗುವಂಥದ್ದು.

ನಮ್ಮ ಕಡೆ ಪುಸ್ತಕ ಹೇಗೆ ಹುಟ್ಟುತ್ತದೆ ಎಂಬುದು ನಮಗೆಲ್ಲ ಗೊತ್ತು. ಡಿಟಿಪಿ ಮಾಡುವವರ ಪಕ್ಕದಲ್ಲಿ ಕೂತು ಕರಡು ತಿದ್ದಿಸುತ್ತೇವೆ. ಹುಬ್ಬಳ್ಳಿಗೋ ಗದಗಿಗೋ ಬೆಂಗಳೂರಿಗೋ ಕಳಿಸಿ 500 ಅಥವಾ 1000 ಪ್ರತಿ ಅಚ್ಚು ಹಾಕಿಸುತ್ತೇವೆ. ಬಂಡಲ್‌ಗಳನ್ನು ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಬಿಡಿಸಿಕೊಂಡು ಬರುತ್ತೇವೆ. ಒಂದು ಭಾನುವಾರ ಲೋಕಾರ್ಪಣೆ. ಅವತ್ತು ನೀವೆಲ್ಲ ಬರುತ್ತೀರಿ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ, ರಟ್ಟೀಹಳ್ಳಿಯಿಂದ ಬಸ್ಸು ಬದಲಿಸಿ ಬರುತ್ತೀರಿ. ಶಾಲು ಹೊದಿಸುತ್ತೀರಿ, ಬಾಯಿತುಂಬ ಮಾತಾಡುತ್ತೀರಿ, ಫೋಟೊಕ್ಕೆ ನಿಲ್ಲುತ್ತೀರಿ, ಉಪ್ಪಿಟ್ಟು ಶಿರಾ ತಿಂದು ಹರಸಿ ಹೋಗುತ್ತೀರಿ. ಈ ಪ್ರೀತಿಯನ್ನು ನಾನು ಸಣ್ಣದೆಂದು ತಿಳಿದಿಲ್ಲ. ಬರೆಯುವವರು ಒಂಟಿ ಎಂದು ಅನ್ನಿಸುವ ಹೊತ್ತಿನಲ್ಲಿ ಸಭಾಭವನದ ಕುರ್ಚಿಗಳು ತುಂಬಿರುವುದನ್ನು ಕಂಡು ಕಣ್ಣಲ್ಲಿ ನೀರು ಬಂದವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಆದರೆ ಮರುದಿನ ಸೋಮವಾರ ಆ ಪುಸ್ತಕದ ಕೈ ಹಿಡಿಯುವವರು ಯಾರು? ಅವತ್ತಿನಿಂದ ಅದು ಬರೆದವರೊಬ್ಬರ ಹೊರೆ. ಒಂದಷ್ಟು ಗೌರವ ಪ್ರತಿಗಳಾಗಿ ಹೋಗುತ್ತವೆ, ಒಂದಷ್ಟು ಬಂಧುಗಳ ಮನೆಯ ಷೋಕೇಸು ಸೇರುತ್ತವೆ, ಉಳಿದವು ಮಂಚದ ಕೆಳಗೆ. ಅಂಗಡಿಗೆ ಕೊಟ್ಟರೆ ನೂರಕ್ಕೆ 30ರಿಂದ 40 ರೂಪಾಯಿ ಅವರಿಗೆ ಬಿಟ್ಟುಕೊಡಬೇಕು, ಮಾರಾಟವಾದ ಮೇಲಷ್ಟೇ ಹಣ, ಅದನ್ನು ಕೇಳಲು ಮತ್ತೆ ಬಸ್ಸಿನ ಖರ್ಚು. ಹೆಸರು ಮಾಡಿದವರ ಪುಸ್ತಕಕ್ಕೆ ಪ್ರಕಾಶಕರಿದ್ದಾರೆ, ಅಂಗಡಿಯ ಮುಂದಿನ ಸಾಲಿದೆ. ನಮ್ಮ ಪುಸ್ತಕಕ್ಕೆ ಇರುವುದು ನಾವಷ್ಟೇ.

ನಾನು ಹೇಳಬೇಕೆಂದಿರುವುದು ಇಷ್ಟು: ನಮ್ಮ ನಮ್ಮ ಪುಸ್ತಕವನ್ನು ನಾವೇ ಮಾರುವುದನ್ನು ನಿಲ್ಲಿಸೋಣ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಮಾರೋಣ. ಸ್ವಂತ ಪುಸ್ತಕ ಕೈಯಲ್ಲಿ ಹಿಡಿದು ‘ಚಂದ ಐತಿ, ತಗೊಳ್ರಿ’ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ, ಏಳಲೂ ಬಾರದು. ಕೇಳಿದವರಿಗೂ ಅದು ಮುಜುಗರ. ದಾಕ್ಷಿಣ್ಯಕ್ಕೆ ಕೊಳ್ಳುತ್ತಾರೆ, ಓದುವುದಿಲ್ಲ. ಅದೇ ನಾನು ನಿಮ್ಮ ಪುಸ್ತಕ ಓದಿ, ನನಗೆ ಹಿಡಿಸಿದ ಪುಟ ಯಾವುದೆಂದು ತೆರೆದು ತೋರಿಸಿದರೆ ಆ ಮಾತಿಗೆ ಬೇರೆಯೇ ತೂಕ ಬರುತ್ತದೆ. ನಮ್ಮ ಬ್ಯಾಡಗಿ ಪೇಟೆಯಲ್ಲಿ ರೈತ ತನ್ನ ಮೆಣಸಿನಕಾಯಿಯನ್ನು ತಾನೇ ಹೊಗಳುತ್ತ ನಿಲ್ಲುವುದಿಲ್ಲ. ದಲಾಲಿ ಅಂಗಡಿಯ ಮುಂದೆ ಚೀಲ ಸುರುವಿರುತ್ತದೆ, ಬಣ್ಣ ನೋಡುವವರು ಬೇರೆ, ಮುರಿದು ಮೂಸುವವರು ಬೇರೆ, ಬೆಲೆ ಹೇಳುವವರು ಬೇರೆ. ಮಾಲು ಬೆಳೆದವನ ಬಾಯಿಂದಲ್ಲ, ನೋಡಿದವರ ಬಾಯಿಂದ ಹೆಸರು ಪಡೆಯುತ್ತದೆ.

ಹೀಗೆ ಹೊತ್ತು ಮಾರುವ ಮಾತಾಡಿದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗಬೇಕಾದವರು ಗಳಗನಾಥರು. ವರದೆ ತುಂಗಭದ್ರೆಯನ್ನು ಕೂಡುವ ಊರಿನ ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡವರು. ಮರಾಠಿಯ ಅಬ್ಬರದ ನಡುವೆ ಕನ್ನಡದಲ್ಲಿ ಓದುವ ಜನರೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಕಾದಂಬರಿ ಬರೆದರು. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ವಿಜಯನಗರದ ಕಥೆಯನ್ನು ‘ಮಾಧವ ಕರುಣಾವಿಲಾಸ’ವಾಗಿ ಕಟ್ಟಿದರು, ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು. ಬರೆದು ಮನೆಯಲ್ಲಿ ಕೂರಲಿಲ್ಲ. ಪುಸ್ತಕಗಳ ಗಂಟು ಹೊತ್ತು ಊರೂರು ನಡೆದು ಮಾರಿದರು. ಓದಲು ಬಾರದ ಊರಲ್ಲಿ ಓದುವ ರುಚಿ ಹುಟ್ಟಿಸಿದ್ದು ಅವರ ಕಾದಂಬರಿ ಎಷ್ಟೋ, ಆ ನಡಿಗೆಯೂ ಅಷ್ಟೇ. ಪ್ರತಿ ವರ್ಷ ವೇದಿಕೆಯಲ್ಲಿ ನಾವು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ನನಗೆ ಆ ಚಿತ್ರ ಕಂಡಾಗಲೆಲ್ಲ ಒಂದು ಸಂಕಟವಾಗುತ್ತದೆ. ಅಷ್ಟು ದೊಡ್ಡ ಬರಹಗಾರ ಆ ಗಂಟನ್ನು ಒಬ್ಬರೇ ಹೊರಬೇಕಾಯಿತಲ್ಲ. ಊರಿಗೊಬ್ಬರು ಜತೆಗಿದ್ದಿದ್ದರೆ ಅವರ ಎಷ್ಟು ದಿನಗಳು ಬರವಣಿಗೆಗೆ ಉಳಿಯುತ್ತಿದ್ದವು.

ಮೈಸೂರು ಸೀಮೆಯಲ್ಲಿ ಜಿ.ಪಿ. ರಾಜರತ್ನಂ ಅವರು ಇದೇ ಕೆಲಸವನ್ನು ಹೆಮ್ಮೆಯಿಂದ ಮಾಡಿದರು. ತಮ್ಮನ್ನು ಸಾಹಿತ್ಯ ಪರಿಚಾರಕ ಎಂದೇ ಕರೆದುಕೊಂಡರು. ಕನ್ನಡ ಮೇಷ್ಟರು, ರತ್ನನ ಪದಗಳ ಕವಿ, ಕೈಯಲ್ಲಿ ಪುಸ್ತಕದ ಚೀಲ ಹಿಡಿದು ಓಡಾಡಲು ನಾಚಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಇನ್ನೂ ಮೀಸೆ ಮೂಡದ ಹುಡುಗರ ಬರಹವನ್ನು ಅಚ್ಚಿಗೆ ತಂದು ಜನರ ಕೈಗಿಟ್ಟರು. ದೊಡ್ಡವರೊಬ್ಬರು ಚಿಕ್ಕವರ ಪುಸ್ತಕ ಹೊತ್ತರೆ ಚಿಕ್ಕವರು ಎಷ್ಟು ಬೇಗ ಬೆಳೆಯುತ್ತಾರೆ ಎಂಬುದನ್ನು ಆ ತಲೆಮಾರು ಕಂಡಿದೆ. ನಮ್ಮಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ, ಪಠ್ಯದಲ್ಲಿ ಹೆಸರು ಬಂದ ಹಿರಿಯರಿದ್ದೀರಿ. ನಿಮ್ಮ ಮುನ್ನುಡಿ ಬೇಡುವ ಹುಡುಗರು ಬಹಳ. ಮುನ್ನುಡಿಗಿಂತ ಹೆಚ್ಚಿನ ಉಪಕಾರ ಒಂದಿದೆ: ಮುಂದಿನ ಭಾಷಣಕ್ಕೆ ಹೋಗುವಾಗ ಆ ಹುಡುಗನ ಐದು ಪ್ರತಿ ನಿಮ್ಮ ಚೀಲದಲ್ಲಿರಲಿ. ಭಾಷಣದ ನಡುವೆ ಅದರಿಂದ ಒಂದು ಪುಟ ಓದಿ ಕೆಳಗಿಳಿಯಿರಿ. ಆ ಐದೂ ಹೋಗುತ್ತವೆ.

ಧಾರವಾಡ ನಮಗೆ ದೂರವಲ್ಲ. 1997ರವರೆಗೆ ನಾವು ಅದೇ ಜಿಲ್ಲೆಯವರು. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನ ಬಗ್ಗೆ ಹೇಳುವಾಗ ನಾವು ಕಾವ್ಯದ ಮಾತನ್ನಷ್ಟೇ ಹೇಳುತ್ತೇವೆ. ಆ ಗುಂಪು ಮಾಡಿದ ಇನ್ನೊಂದು ಕೆಲಸ ನಮಗೆ ಈಗ ಬೇಕಾಗಿದೆ. ಬೆಟಗೇರಿ ಕೃಷ್ಣಶರ್ಮ, ಶಂಬಾ ಜೋಶಿ, ಮುಗಳಿ, ನಮ್ಮ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕ, ಇವರೆಲ್ಲ ಒಬ್ಬರು ಬರೆದದ್ದನ್ನು ಒಬ್ಬರು ಕೇಳಿದರು. ಬರೆದವರ ಎದುರಿಗೇ ಜಗಳಾಡಿದರು, ಹೊರಗಿನವರ ಎದುರು ಅದೇ ಬರಹಕ್ಕಾಗಿ ನಿಂತರು. ಅದೇ ಊರಿನಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಗೆಳೆಯರ ಜತೆ ಮನೋಹರ ಗ್ರಂಥಮಾಲೆ ಶುರುಮಾಡಿದಾಗ ನಂಬಿದ್ದು ಅಂಗಡಿಯನ್ನಲ್ಲ, ಚಂದಾದಾರರನ್ನು. ಓದುಗರು ಮುಂಚೆಯೇ ಹಣ ಕೊಡಬೇಕು, ವರ್ಷಕ್ಕೆ ಇಷ್ಟು ಪುಸ್ತಕ ಅವರ ಮನೆಗೆ ಬರಬೇಕು. ಆ ಪುಸ್ತಕ ಯಾರದೆಂದು ಚಂದಾದಾರನಿಗೆ ಮೊದಲು ಗೊತ್ತಿರಬೇಕೆಂದಿಲ್ಲ, ಆರಿಸಿದವರ ಮೇಲೆ ನಂಬಿಕೆ ಇದ್ದರೆ ಸಾಕು. ಹಾಗಾಗಿಯೇ 1961ರಲ್ಲಿ ಯಾರೂ ಹೆಸರು ಕೇಳದ ಇಪ್ಪತ್ಮೂರರ ಹುಡುಗ ಗಿರೀಶ ಕಾರ್ನಾಡರ ‘ಯಯಾತಿ’ ಅಲ್ಲಿಂದ ಹೊರಬರಲು ಸಾಧ್ಯವಾಯಿತು. ಹೊಸಬನಿಗೆ ಓದುಗ ಮೊದಲೇ ಸಿದ್ಧವಾಗಿ ಕಾದಿರುವಂಥ ಏರ್ಪಾಡು ಅದು.

ನಮ್ಮ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ನಮಗೆಲ್ಲ ಚಂಪಾ, 1964ರಲ್ಲಿ ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜರ ಜತೆ ‘ಸಂಕ್ರಮಣ’ ತಂದರು. ಮೂವರು ಗೆಳೆಯರು, ಒಂದು ಚಿಕ್ಕ ಪತ್ರಿಕೆ. ಅದರಲ್ಲಿ ಮೊದಲ ಕವಿತೆ ಅಚ್ಚಾಗಿ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ನಿಂತವರು ಎಷ್ಟೋ ಜನ.

ಇನ್ನೂ ದೊಡ್ಡದಾಗಿ ಮಾಡಿದವರು ಮಲಯಾಳಿ ಬರಹಗಾರರು. 1945ರಲ್ಲಿ ಕೊಟ್ಟಾಯಂನಲ್ಲಿ 12 ಮಂದಿ ಲೇಖಕರು 120 ರೂಪಾಯಿ ಕೂಡಿಸಿ ಸಾಹಿತ್ಯ ಪ್ರವರ್ತಕ ಸಹಕಾರ ಸಂಘ ಕಟ್ಟಿದರು. ವಿಮರ್ಶಕ ಎಂ.ಪಿ. ಪೌಲ್, ಕಥೆಗಾರ ಕಾರೂರ್ ನೀಲಕಂಠ ಪಿಳ್ಳೆ ಮುಂದೆ ನಿಂತರು. ಸಂಘ ಲೇಖಕರಿಗೆ ನೂರಕ್ಕೆ 30ರಷ್ಟು ಗೌರವಧನ ಕೊಟ್ಟಿತು, ಸ್ವಂತ ಪುಸ್ತಕ ಮಳಿಗೆಗಳನ್ನು ತೆರೆಯಿತು. ಮುಂದಿನ ದಶಕಗಳಲ್ಲಿ ಖಾಸಗಿ ಪ್ರಕಾಶಕರ ಪೈಪೋಟಿಯಲ್ಲಿ ಅದರ ಬಲ ಕುಗ್ಗಿದ್ದು ನಿಜ. ಆದರೆ ಬರೆಯುವವರು ಕೂಡಿದರೆ ತಮ್ಮ ಪುಸ್ತಕದ ಒಡೆತನ ತಮ್ಮ ಕೈಯಲ್ಲೇ ಇಟ್ಟುಕೊಳ್ಳಬಹುದು ಎಂಬುದನ್ನು ಒಂದು ಇಡೀ ಭಾಷೆಗೆ ತೋರಿಸಿಕೊಟ್ಟಿತು. ಸಹಕಾರ ನಮಗೆ ಹೊಸದೇ? 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಹುಟ್ಟುಹಾಕಿದ ಕಣಗಿನಹಾಳ ಇರುವುದು ನಮ್ಮ ಪಕ್ಕದ ಗದಗ ಜಿಲ್ಲೆಯಲ್ಲಿ. ಬೀಜ, ಗೊಬ್ಬರ, ಹಾಲು, ಸಾಲ ಎಲ್ಲಕ್ಕೂ ಸಂಘ ಕಟ್ಟಿದ ನಾಡು ಇದು. ಪುಸ್ತಕಕ್ಕೆ ಮಾತ್ರ ಪ್ರತಿಯೊಬ್ಬರೂ ಒಂಟಿಯಾಗಿ ಕೈಸುಟ್ಟುಕೊಳ್ಳುತ್ತಿದ್ದೇವೆ.

ಇಲ್ಲಿಗೆ ಬಂದಾಗ ಒಂದು ಕಹಿ ಮಾತನ್ನೂ ಹೇಳಬೇಕು. ಇನ್ನೊಬ್ಬರ ಪುಸ್ತಕ ಮಾರಬೇಕೆಂದರೆ ಅದನ್ನು ಮೊದಲು ಓದಬೇಕು. ನಾವು ಓದುತ್ತಿಲ್ಲ. ಮುಖಪುಟದ ಚಿತ್ರ ಫೋನಿಗೆ ಬಂದ ತಕ್ಷಣ ‘ಅಭಿನಂದನೆಗಳು ಸರ್’, ‘ಅದ್ಭುತ ಮೇಡಂ’ ಎನ್ನುತ್ತೇವೆ, ಕೈ ಮುಗಿಯುವ ಚಿತ್ರ ಒತ್ತುತ್ತೇವೆ. ಪುಸ್ತಕ ಇನ್ನೂ ಬೈಂಡಿಂಗ್‌ನಲ್ಲೇ ಇರುತ್ತದೆ. ವೇದಿಕೆಯಲ್ಲಿ ಕೃತಿ ಪರಿಚಯಕ್ಕೆ ನಿಂತವರು ಮುನ್ನುಡಿಯನ್ನೇ ತಮ್ಮ ಮಾತಾಗಿ ಹೇಳುವುದನ್ನು ಬರೆದವರು ಕೆಳಗೆ ಕೂತು ಕೇಳಬೇಕಾಗುತ್ತದೆ. ವರ್ಷಗಟ್ಟಲೆ ಕಷ್ಟಪಟ್ಟು ಬರೆದವರಿಗೆ ಇದಕ್ಕಿಂತ ಹೆಚ್ಚಿನ ನೋವು ಇಲ್ಲ ಎಂದು ನಾನು ತಿಳಿದಿದ್ದೇನೆ. ಟೀಕೆಯನ್ನು ತಡೆದುಕೊಳ್ಳಬಹುದು, ಓದದೆ ಹೊಗಳಿದ್ದನ್ನು ತಡೆದುಕೊಳ್ಳಲಾಗುವುದಿಲ್ಲ.

ಹುಸಿ ಹೊಗಳಿಕೆಯಿಂದ ಪೆಟ್ಟು ಬೀಳುವುದು ಓದುಗರಿಗೆ. ಊರಿನ ಔಷಧ ಅಂಗಡಿಯವರೋ ಅಂಗನವಾಡಿಯ ಅಕ್ಕನೋ ನಮ್ಮ ಮಾತು ನಂಬಿ 150 ರೂಪಾಯಿ ಕೊಟ್ಟು ಒಂದು ಕವನ ಸಂಕಲನ ಒಯ್ಯುತ್ತಾರೆ. ಅದರಲ್ಲಿ ಪುಟಕ್ಕೆ ನಾಲ್ಕು ಅಚ್ಚಿನ ತಪ್ಪು, ಹದವಾಗದ ಸಾಲು. ಅವರು ದೂರುವುದಿಲ್ಲ. ಮುಂದಿನ ಸಲ ಊರಿನವರ ಪುಸ್ತಕ ಎಂದಾಗ ನಗುತ್ತ ಜಾರಿಕೊಳ್ಳುತ್ತಾರೆ. ಆ ಮುಂದಿನ ಸಲದ ಪುಸ್ತಕ ನಿಜವಾಗಿ ಒಳ್ಳೆಯದಾಗಿರಬಹುದು, ನಿಮ್ಮದೇ ಆಗಿರಬಹುದು. ಒಬ್ಬರ ಕೆಟ್ಟ ಪುಸ್ತಕವನ್ನು ನಾವೆಲ್ಲ ಕೂಡಿ ಹೊಗಳಿದರೆ ಅದರ ಸಾಲವನ್ನು ಜಿಲ್ಲೆಯ ಇನ್ನೊಬ್ಬ ಬರಹಗಾರ ತೀರಿಸಬೇಕಾಗುತ್ತದೆ.

ಆದ್ದರಿಂದ ಈ ಪ್ರಚಾರದ ಕೆಲಸ ಲೋಕಾರ್ಪಣೆಯ ದಿನ ಶುರುವಾಗುವುದಲ್ಲ, ಹಸ್ತಪ್ರತಿಯ ಹಂತದಲ್ಲಿ ಶುರುವಾಗುವುದು. ಅಚ್ಚಿಗೆ ಹೋಗುವ ಮೊದಲು ಮೂವರು ಓದಲಿ. ಒಬ್ಬರು ಅದೇ ಪ್ರಕಾರ ಬರೆಯುವವರು, ಒಬ್ಬರು ಬೇರೆ ಪ್ರಕಾರದವರು, ಇನ್ನೊಬ್ಬರು ಬರೆಯದ ಓದುಗರು. ‘ಈ ಆರು ಕವಿತೆ ತೆಗೀರಿ’ ಎನ್ನುವ ಧೈರ್ಯ ಅವರಿಗಿರಲಿ, ಕೇಳುವ ಧೈರ್ಯ ನಮಗಿರಲಿ. ಕರಡು ತಿದ್ದಲು ನಮ್ಮಲ್ಲಿ ಎಂಥ ಕನ್ನಡ ಮೇಷ್ಟರಿದ್ದಾರೆ! ಒತ್ತಕ್ಷರ ತಪ್ಪಿದರೆ ರಾತ್ರಿ ನಿದ್ದೆ ಬಾರದವರು. ಅವರನ್ನು ನಾವು ಪುಸ್ತಕ ಬಂದ ಮೇಲೆ ಅಧ್ಯಕ್ಷತೆಗೆ ಕರೆಯುತ್ತೇವೆ. ಪುಸ್ತಕ ಬರುವ ಮೊದಲು ಕರೆಯಬೇಕು. ಹಾಗೆ ಮೂವರು ತಿದ್ದಿದ ಪುಸ್ತಕ ಹೊರಬಂದಾಗ ಅದನ್ನು ಬೆನ್ನಿಗೆ ಹಾಕಿಕೊಂಡು ಹೊರಡಲು ಮೂವರು ಈಗಾಗಲೇ ಇರುತ್ತಾರೆ, ಯಾರೂ ಕೇಳಿಕೊಳ್ಳಬೇಕಾಗಿಲ್ಲ.

ಗೌರವ ಪ್ರತಿಯ ವಿಷಯದಲ್ಲಿ ನನ್ನ ನಿಲುವು ಕಟು. ಬರಹಗಾರ ಬರಹಗಾರನಿಂದ ಪುಸ್ತಕವನ್ನು ಪುಕ್ಕಟೆ ಪಡೆಯಕೂಡದು. ಕಡಿಮೆ ಸಂಬಳದ ಅತಿಥಿ ಉಪನ್ಯಾಸಕರು, ಇನ್ನೂ ಓದುತ್ತಿರುವ ಮಕ್ಕಳು, ಇವರ ಮಾತು ಬೇರೆ. ಉಳಿದ ನಾವು ಶಾಲಿನ ದುಡ್ಡಿನಲ್ಲಿ ಪುಸ್ತಕ ಕೊಳ್ಳೋಣ. ಲೋಕಾರ್ಪಣೆಗೆ ಬರುವ ನೂರು ಜನ ಹಾರ ತುರಾಯಿ ಬಿಟ್ಟು ಒಂದೊಂದು ಪ್ರತಿ ಕೊಂಡರೆ ಅಚ್ಚಿನ ಖರ್ಚಿನ ದೊಡ್ಡ ಪಾಲು ಅವತ್ತೇ ಮರಳುತ್ತದೆ. ಮದುವೆ, ಮನೆಶಾಂತಿ, ನಿವೃತ್ತಿ ಸಮಾರಂಭಗಳಲ್ಲೂ ಹೀಗೆ ಮಾಡಬಹುದು, ಕೆಲವರು ಈಗಾಗಲೇ ಮಾಡುತ್ತಿದ್ದೀರಿ. ಆಗ ಕೊಡುವುದು ಇನ್ನೊಬ್ಬರ ಪುಸ್ತಕವಾಗಿರಲಿ ಎಂಬುದಷ್ಟೇ ನನ್ನ ಬೇಡಿಕೆ.

2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಗೆ ಬಂದಾಗ ಜನ ಪುಸ್ತಕಕ್ಕೆ ಎಷ್ಟು ಹಸಿದಿದ್ದಾರೆ ಎಂಬುದನ್ನು ನಾವು ಕಣ್ಣಾರೆ ಕಂಡೆವು. ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಹೆಣ್ಣುಮಕ್ಕಳು ಮಳಿಗೆಗಳ ಮುಂದೆ ನಿಂತು ಪುಟ ತಿರುವುತ್ತಿದ್ದರು. ನನ್ನ ಪುಸ್ತಕ ಒಂದು ಮಳಿಗೆಯ ಮೂಲೆಯಲ್ಲಿತ್ತು, ಗೆಳತಿಯದ್ದು ಎಲ್ಲೋ ಇನ್ನೊಂದು ಸಾಲಿನಲ್ಲಿ. ‘ನಮ್ಮ ಜಿಲ್ಲಾದವರು ಬರದದ್ದು ಎಲ್ಲಿ ಐತ್ರಿ?’ ಎಂದು ಒಬ್ಬ ಹುಡುಗಿ ಕೇಳಿದಾಗ ಕೈ ಮಾಡಿ ತೋರಿಸಲು ನಮ್ಮದೆಂದು ಒಂದೇ ಜಾಗ ಇರಲಿಲ್ಲ. ಅದು ಸಂಘಟಕರು ಮಾಡಿಕೊಡಬೇಕಾದ ಕೆಲಸವಲ್ಲ, ನಾವು ಮಾಡಿಕೊಳ್ಳಬೇಕಾದದ್ದು. ಸಮ್ಮೇಳನ ಇನ್ನು ಎಷ್ಟು ವರ್ಷಕ್ಕೆ ಬರುತ್ತದೋ. ಜಾತ್ರೆಗಳು ಪ್ರತಿ ವರ್ಷ ಬರುತ್ತವೆ. ಹುಕ್ಕೇರಿಮಠದ ಜಾತ್ರೆ, ದೇವರಗುಡ್ಡದ ಮಾಲತೇಶನ ಜಾತ್ರೆ, ಕದರಮಂಡಲಗಿಯ ಹನುಮಪ್ಪನ ತೇರು. ಬಳೆ ಅಂಗಡಿ, ಮಿರ್ಚಿ ಅಂಗಡಿ, ಆಟಿಗೆ ಸಾಮಾನಿನ ಅಂಗಡಿಯ ಸಾಲಿನಲ್ಲಿ ಒಂದು ಮೇಜು, ಒಂದು ಚಾದರ, ಜಿಲ್ಲೆಯ ಅಷ್ಟೂ ಬರಹಗಾರರ ಪುಸ್ತಕ, ಹಣಕ್ಕೆ ಒಂದು ಕ್ಯೂಆರ್ ಕೋಡಿನ ಹಾಳೆ. ಸರದಿಯಲ್ಲಿ ಇಬ್ಬಿಬ್ಬರು ಕೂತರೆ ಆಯಿತು.

ನಾನೂ ನನ್ನ ಗೆಳತಿಯೂ ಇದನ್ನು ಚಿಕ್ಕದಾಗಿ ಮಾಡಿ ನೋಡುತ್ತಿದ್ದೇವೆ. ಅವರ ಪ್ರಬಂಧ ಸಂಕಲನ ನನ್ನ ಚೀಲದಲ್ಲಿ, ನನ್ನ ಕಥೆಗಳು ಅವರ ಚೀಲದಲ್ಲಿ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತ ಹೆಣ್ಣುಮಗಳೊಬ್ಬಳು ನಾನು ಓದುತ್ತಿದ್ದುದನ್ನು ಬಗ್ಗಿ ನೋಡಿದಳು.

‘ಏನ್ ಓದಾಕತ್ತೀರಿ ಅಕ್ಕಾರ?’

‘ಹಾನಗಲ್ ತಾಲ್ಲೂಕಿನವರೊಬ್ಬರು ಬರದಾರ ನೋಡವಾ. ತಮ್ಮ ತವರುಮನಿ ಬಾವಿ ಬತ್ತಿದ್ದು ಬರದಾರ.’

‘ನೀವ ಬರದದ್ದಲ್ಲೇನ್ರಿ?’

‘ನಂದಲ್ಲವಾ. ಅದಕ್ಕ ಚಲೋ ಐತಿ ಅಂತ ಧೈರ್ಯಲೆ ಹೇಳಾಕತ್ತೀನಿ.’

ಆಕೆ ಒಂದು ಪುಟ ಓದಿಸಿ ಕೇಳಿದಳು, ಸೊಂಟದ ಚೀಲದಿಂದ ದುಡ್ಡು ತೆಗೆದಳು. ಮಗಳು ಪಿಯುಸಿ ಓದುತ್ತಾಳಂತೆ, ಅವಳಿಗೆ ಓದಲು ಕೊಡುತ್ತೇನೆ ಎಂದಳು. ಈ ಮಾತುಕತೆ ನನ್ನದೇ ಪುಸ್ತಕ ಹಿಡಿದು ಕೂತಿದ್ದರೆ ನಡೆಯುತ್ತಿರಲಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ನಾವು ಮರೆತೇಬಿಟ್ಟಿದ್ದೇವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎಂಬ ಹೆಸರು. ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಲ್ಲಿನ ಮೇಲ್ವಿಚಾರಕರು ಕಡಿಮೆ ಸಂಬಳದಲ್ಲಿ ಆಸ್ಥೆಯಿಂದ ದುಡಿಯುವವರು. ಮಕ್ಕಳನ್ನು ಕೂಡಿಸಿಕೊಟ್ಟರೆ ಬಂದು ಕಥೆ ಓದುತ್ತೇವೆ ಎಂದರೆ ಯಾರೂ ಬೇಡ ಎನ್ನಲಾರರು. ಶಿಗ್ಗಾವಿಯ ಮಕ್ಕಳ ಕವಿಯ ಪದ್ಯವನ್ನು ಹಿರೇಕೆರೂರಿನ ಕಥೆಗಾರ ತನ್ನೂರಿನ ಮಕ್ಕಳ ಬಾಯಲ್ಲಿ ಹಾಡಿಸಲಿ. ಶನಿವಾರದ ಬೆಳಗಿನ ಶಾಲೆಯಲ್ಲೂ ಇದು ಆಗುತ್ತದೆ. ನಾನು ಶಾಲೆಯಲ್ಲಿ ಕನ್ನಡ ಕಲಿಸಿದವಳು, ಬಲ್ಲೆ: ಪುಸ್ತಕ ಬರೆದವರು ಬೇರೆಲ್ಲೋ ಇರುವವರಲ್ಲ, ಪಕ್ಕದ ಊರಿನವರು ಎಂದು ತಿಳಿದ ಮಗು ಅದನ್ನು ಬೇರೆ ರೀತಿಯಲ್ಲಿ ಹಿಡಿದುಕೊಳ್ಳುತ್ತದೆ.

ಅಂಚೆಯ ಬಗ್ಗೆ ಒಂದು ಉಪಯೋಗದ ಮಾತು. ಹಳೆಯ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಪುಸ್ತಕ ಕಳಿಸುವ ಖರ್ಚು ಪುಸ್ತಕದ ಬೆಲೆಯ ಹತ್ತಿರ ಹೋಯಿತು. ನಮ್ಮಲ್ಲಿ ಹಲವರು ಕಳಿಸುವುದನ್ನೇ ಬಿಟ್ಟಿದ್ದೀರಿ. 2025ರ ಮೇ ತಿಂಗಳಿಂದ ‘ಜ್ಞಾನ್ ಪೋಸ್ಟ್’ ಎಂಬ ಸೇವೆ ಶುರುವಾಗಿದೆ. ಸೇವೆ ಬಂದಾಗಿನ ದರದಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಹೆಚ್ಚೆಂದರೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನಮ್ಮ ತೆಳ್ಳನೆಯ ಸಂಕಲನಗಳು 300 ಗ್ರಾಂ ದಾಟುವುದಿಲ್ಲ. ಐಎಸ್‌ಬಿಎನ್ ಸಂಖ್ಯೆಯ ಬಗ್ಗೆಯೂ ಒಂದು ಮಾತು: ಅದು ದಿಲ್ಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ, ದುಡ್ಡು ಕೇಳುವ ಮಧ್ಯವರ್ತಿಗಳಿಗೆ ಕೊಡಬೇಡಿ. ಇಂಥ ಸಣ್ಣ ತಿಳಿವಳಿಕೆಯನ್ನು ಪ್ರತಿಯೊಬ್ಬ ಹೊಸಬನೂ ಒಂಟಿಯಾಗಿ ಅಲೆದು ಕಲಿಯಬೇಕಾಗಿ ಬಂದಿರುವುದು ನಮ್ಮ ನಡುವಿನ ಮೌನದಿಂದ.

ಸರ್ಕಾರದ ಖರೀದಿಯನ್ನು ನಾನು ಕಡೆಗಣಿಸುತ್ತಿಲ್ಲ. ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದರೆ 300 ಪ್ರತಿ ಹೋಗುತ್ತದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರ ಇದೆ, ಅದು ಪುಸ್ತಕವಾಗಿ ಮರಳಬೇಕಾದದ್ದು ನ್ಯಾಯ. ಆಯ್ಕೆ ತಡವಾಗುತ್ತದೆ, ಹಣ ಇನ್ನೂ ತಡವಾಗುತ್ತದೆ ಎಂಬುದು ನಾಡಿನ ಪ್ರಕಾಶಕರೆಲ್ಲರ ಬಹಿರಂಗ ದೂರು. ಕೂಡಿ ಕೇಳಬೇಕಾದ ಕಡೆ ಕೂಡಿ ಕೇಳೋಣ. ಆದರೆ ಆ 300ರ ಮೇಲೆ ಕಣ್ಣಿಟ್ಟು ಒಬ್ಬರನ್ನೊಬ್ಬರು ಸಂಶಯದಿಂದ ನೋಡುವುದು, ಅವರದಾಯಿತು ನನ್ನದಾಗಲಿಲ್ಲ ಎಂದು ಮುಖ ತಿರುಗಿಸುವುದು ನಮ್ಮ ಬಳಗವನ್ನು ಒಳಗಿಂದ ತಿಂದುಹಾಕಿದೆ.

ಹೆಣ್ಣುಮಕ್ಕಳ ಪರವಾಗಿ ಒಂದು ಮಾತು. ಲೋಕಾರ್ಪಣೆಗಳು ಸಂಜೆ ಆರಕ್ಕೆ ಶುರುವಾಗುತ್ತವೆ, ಭಾಷಣ ಮುಗಿಯುವಾಗ ನಮ್ಮೂರಿನ ಕೊನೆಯ ಬಸ್ಸು ಹೋಗಿರುತ್ತದೆ. ಮಾರಾಟಕ್ಕೆಂದು ಊರೂರು ತಿರುಗಲು ಎಷ್ಟು ಜನರಿಗೆ ಮನೆಯಲ್ಲಿ ಒಪ್ಪುತ್ತಾರೆ? ಬರೆದು ಬಚ್ಚಿಟ್ಟವರು ಎಷ್ಟು ಮಂದಿಯೋ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ಮಡಿಕೇರಿಯ ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಕಥೆಗಳು 1990ರಿಂದೀಚೆಗೆ ಮೂರು ದಶಕ ಕನ್ನಡದ ಓದುಗರ ನಡುವೆ, ಬಂಡಾಯ ಸಾಹಿತ್ಯದ ಒಡನಾಡಿಗಳ ನಡುವೆ ಬಾಳಿ ಬಂದವು. ದೂರದ ಬಹುಮಾನಕ್ಕಿಂತ ಮೊದಲು ಹತ್ತಿರದವರು ಓದಿರಬೇಕಾಗುತ್ತದೆ. ಹೊರಗೆ ಬರಲಾಗದ ಅಕ್ಕತಂಗಿಯರ ಪುಸ್ತಕಗಳನ್ನು, ಓಡಾಡಲು ಅಡ್ಡಿಯಿಲ್ಲದ ಅಣ್ಣತಮ್ಮಂದಿರು ಮೊದಲು ಹೊರಲಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೂ ಒಂದು ಗುಂಪಿನವರಿದ್ದಾರೆ, ಅವರು ಪತ್ರ ಓದಲಾರರು. ಹಿರಿಯ ಲಾವಣಿ ಸಂಗ್ರಾಹಕರೊಬ್ಬರು ತೀರಿಕೊಂಡ ಮೇಲೆ ಅವರ ಮನೆಗೆ ಹೋಗಿದ್ದೆ. ಅಟ್ಟದ ಮೇಲೆ ಪ್ರೆಸ್ಸಿನ ಕಂದು ಕಾಗದವನ್ನೂ ಬಿಚ್ಚದ ಬಂಡಲ್‌ಗಳು. ‘ರದ್ದಿಯವರು ಕೇಳಾಕತ್ತಾರ್ರಿ ಅಕ್ಕಾರ, ಕೊಡಾಕ ಮನಸ್ಸು ಬರವಲ್ದು, ಇಟ್ಟರ ಗೆದ್ದಲು’ ಎಂದ ಅವರ ಮಗ. ಆ ಲಾವಣಿಗಳನ್ನು ಹಾಡುತ್ತಿದ್ದವರು ಈಗ ಯಾರೂ ಇಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿ ಸಂಶೋಧನೆ ಮಾಡುವ ಹುಡುಗರಿಗೆ ಈ ಪುಸ್ತಕ ಎಲ್ಲಿ ಸಿಗುತ್ತದೆಂದು ಹೇಳುವವರಿಲ್ಲ. ತೀರಿಕೊಂಡವರ ಪುಸ್ತಕಕ್ಕೆ ಲೋಕದಲ್ಲಿ ಉಳಿದ ದಾರಿ ನಾವೇ. ನಮ್ಮ ಮೇಜಿನ ಮೇಲೆ ಮೊದಲ ಸಾಲು ಅವರದಾಗಿರಲಿ, ಬಂದ ಹಣ ಅವರ ಮನೆಗೆ ಹೋಗಲಿ.

ಮುಂದೆ ಏನು ಮಾಡೋಣ ಎಂದರೆ, ದೊಡ್ಡ ಸಂಸ್ಥೆ, ನೋಂದಣಿ, ಪದಾಧಿಕಾರಿಗಳ ಪಟ್ಟಿ ಸದ್ಯಕ್ಕೆ ಬೇಡ. ಅಧ್ಯಕ್ಷ ಸ್ಥಾನ ಬಂದ ಕೂಡಲೇ ನಮ್ಮಲ್ಲಿ ಎರಡು ಪಂಗಡವಾಗುವುದು ನಿಮಗೂ ಗೊತ್ತು. ಎಂಟು ತಾಲ್ಲೂಕಿಗೆ ಎಂಟು ಮನೆ ಗೊತ್ತುಮಾಡೋಣ. ಪ್ರತಿ ಮನೆಯಲ್ಲಿ ಜಿಲ್ಲೆಯ ಎಲ್ಲರ ಪುಸ್ತಕದ ಐದೈದು ಪ್ರತಿ, ಒಂದು ದಾಖಲೆ ಪುಸ್ತಕ, ಯಾರ ಪುಸ್ತಕ ಎಷ್ಟು ಹೋಯಿತು ಎಂಬ ಲೆಕ್ಕ ಎಲ್ಲರ ಕಣ್ಣಿಗೆ. ಮಾರಿದ ದುಡ್ಡಿನಲ್ಲಿ ನೂರಕ್ಕೆ ಹತ್ತು ಓಡಾಟದ ಖರ್ಚಿಗೆ, ಉಳಿದದ್ದು ಬರೆದವರಿಗೆ, ತಿಂಗಳ ಕೊನೆಗೆ ತಪ್ಪದೆ. ಲೆಕ್ಕ ಒಂದು ಸಲ ತಪ್ಪಿದರೂ ಈ ಏರ್ಪಾಡು ಉಳಿಯುವುದಿಲ್ಲ, ಅದಕ್ಕೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ದುಡಿದು ನಿವೃತ್ತರಾದ ಕವಿಗಳು ಮುಂದೆ ಬರಬೇಕು.

ಶ್ರಾವಣ ಹಿಡಿಯುವ ಮೊದಲು ಒಂದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹಾವೇರಿಯಲ್ಲಿ ಕೂಡೋಣ. ಶ್ರಾವಣದಲ್ಲಿ ಊರೂರಿಗೆ ಪುರಾಣ, ಪ್ರವಚನ ಶುರುವಾಗುತ್ತವೆ, ಜನ ಕೂಡುವ ಆ ಜಾಗಗಳಿಗೆ ನಮ್ಮ ಮೊದಲ ಮೇಜುಗಳು ಹೋಗಲಿ. ಸಂಜೆ ನಾಲ್ಕರೊಳಗೆ ಮುಗಿಸೋಣ, ಎಲ್ಲರಿಗೂ ಬಸ್ಸು ಸಿಗಬೇಕು. ಭಾಷಣ ಇಲ್ಲ, ಸನ್ಮಾನ ಇಲ್ಲ, ರೊಟ್ಟಿ ಬುತ್ತಿ ಅವರವರೇ ಕಟ್ಟಿಕೊಂಡು ಬನ್ನಿ. ನಿಮ್ಮ ಪುಸ್ತಕದ ಹತ್ತು ಪ್ರತಿಯ ಜತೆಗೆ, ನೀವು ಕೊಂಡು ಪೂರ್ತಿ ಓದಿದ ಜಿಲ್ಲೆಯ ಇನ್ನೊಬ್ಬರ ಒಂದು ಪುಸ್ತಕ ತನ್ನಿ. ಅವತ್ತು ಪ್ರತಿಯೊಬ್ಬರೂ ಹತ್ತು ನಿಮಿಷ ಮಾತಾಡುವುದು ಆ ಪುಸ್ತಕದ ಬಗ್ಗೆ. ಹೋಗುವಾಗ ನಿಮ್ಮ ಹತ್ತು ಪ್ರತಿ ಬೇರೆಯವರ ಚೀಲದಲ್ಲಿರುತ್ತವೆ, ಬೇರೆಯವರವು ನಿಮ್ಮ ಚೀಲದಲ್ಲಿ. ಜಾಗ ಗೊತ್ತುಮಾಡುವ ಹೊಣೆ ನನ್ನದು. ಸವಣೂರು ಮತ್ತು ಹಾನಗಲ್ಲಿನಲ್ಲಿ ಪುಸ್ತಕ ಇಡಲು ಮನೆ ಕೊಡುವವರು ಯಾರೆಂದು ಅಷ್ಟರೊಳಗೆ ತಿಳಿಸಿದರೆ ಮೊದಲ ಬಂಡಲ್‌ಗಳನ್ನು ಅಲ್ಲಿಗೇ ಕಳಿಸಬಹುದು.

ನಿಮ್ಮ ಬಳಗದವಳು,
ಬ್ಯಾಡಗಿಯ ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ